ನಡೆದರೆ ತೊಡೆ ಯಾಕೆ ತುಂಬುವುದಿಲ್ಲ?

ಪ್ರಶ್ನೆ: ದಿನಾ ಮುಂಜಾನಿ ಕೋಟಿ ಸುತ್ತ ನಡೀತೀನ್ರಿ. ದಮ್ಮು ಬಂದದ, ತೊಡಿ ಮಾತ್ರ ಹಂಗೇ ಅದ. ಗರಡಿ ಹುಡುಗರ ತೊಡಿ ಕಂಬದಂಗ ಹೆಂಗ ಆಗ್ತಾವ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ನಡಿಗೆ ದಂಡವಾಗಿಲ್ಲ, ಅದರ ಕೆಲಸವೇ ಬೇರೆ. ನಡೆಯುವಾಗ ಹೆಜ್ಜೆಗಳು ಸಾವಿರಾರು, ಒಂದೊಂದರ ಭಾರ ಅಲ್ಪ. ಅದರಿಂದ ಸ್ನಾಯುವಿನೊಳಗೆ ಮೈಟೊಕಾಂಡ್ರಿಯ, ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಗಾತ್ರ ಅಷ್ಟಾಗಿ ಬೆಳೆಯದು. ಏರುದಾರಿಯಲ್ಲಿ ಸೈಕಲ್ ತುಳಿದರೆ ಸ್ವಲ್ಪ ವಾಸಿ.

ಗಾತ್ರಕ್ಕೆ ಬೇಕಾದದ್ದು ಸ್ನಾಯುವಿನ ಮೇಲೆ ಬೀಳುವ ಎಳೆತ. ಗರಡಿಯಲ್ಲಿ ಬೈಠಕ್ ಹಾಕುವಾಗ ಪೂರ್ತಿ ಕೆಳಗಿಳಿದು ಏಳುತ್ತಾರಲ್ಲ, ಆಗ ತೊಡೆಯ ಮುಂಭಾಗದ ಸ್ನಾಯುಗಳ ಜೊತೆ ಒಳತೊಡೆ, ಪೃಷ್ಠದವೂ ದುಡಿಯುತ್ತವೆ. ಭಾರ ಕಡಿಮೆಯಿದ್ದರೂ ಇನ್ನೊಂದು ಸಾಧ್ಯವೇ ಇಲ್ಲ ಎನ್ನುವಷ್ಟು ದಣಿದರೆ ಸ್ನಾಯು ಬೆಳೆಯುತ್ತದೆ. ಆದರೆ ನೂರು ಬೈಠಕ್ ಸಲೀಸಾದ ಮೇಲೆ ಅದೂ ದಮ್ಮಿನ ವ್ಯಾಯಾಮವೇ! ಅದಕ್ಕೇ ಪೈಲ್ವಾನರು ಜೊತೆಗಾರನನ್ನು ಹೆಗಲಿಗೇರಿಸಿ ಹಾಕುತ್ತಾರೆ. ತೊಡೆಯ ಹಿಂಭಾಗ ಮಾತ್ರ ಬೈಠಕ್‌ನಿಂದ ಹೆಚ್ಚು ಬೆಳೆಯದು. ಅದಕ್ಕೆ ಜಿಮ್‌ನಲ್ಲಿ ಮೊಣಕಾಲು ಮಡಚಿ ಭಾರ ಎಳೆಯುವ ಯಂತ್ರವೇ ಒಳ್ಳೆಯದು.

ವಯಸ್ಸಾಯಿತು ಎನ್ನಬೇಡಿ. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ 90ರ ಆಸುಪಾಸಿನ ವೃದ್ಧರು 8 ವಾರ ಕಾಲಿನಿಂದ ಭಾರ ಎತ್ತಿದಾಗ ನಡುತೊಡೆಯ ಸ್ನಾಯು ಸರಾಸರಿ ಶೇ 9ರಷ್ಟು ಹೆಚ್ಚಿತ್ತು. ಸ್ನಾಯು ಬೆಳೆಯಲು ಪ್ರೋಟೀನೂ ಬೇಕು. ಜೋಳದ ರೊಟ್ಟಿಯ ಜೊತೆ ಬೇಳೆ, ಮೊಳಕೆ ಕಾಳು, ಮೊಸರು ಇರಲಿ.

ನಡಿಗೆ ಬಿಡಬೇಡಿ, ವಾರಕ್ಕೆ ಎರಡು ದಿನ ಬೈಠಕ್ ಸೇರಿಸಿರಿ. ಮೊಣಕಾಲು ನೋವಿದ್ದರೆ ವೈದ್ಯರನ್ನು ಕೇಳಿ, ಕುರ್ಚಿಯಿಂದ ಕೈಯೂರದೆ ಏಳುವುದರಿಂದ ಶುರು ಮಾಡಿರಿ.