ಆಸ್ಪತ್ರೆ ಕಾಗದದ ಮೇಲಿನ ಸಂಕೇತ: ‘ರಕ್ತವಾಂತಿ’ ಎಂದಷ್ಟೇ ಬರೆದರೆ ಸಾಲದು

ನಮ್ಮ ಸದಸ್ಯರೊಬ್ಬರು ಈಚೆಗೆ ಸಂಘದ ಕಚೇರಿಗೆ ಅಣ್ಣನ ಡಿಸ್ಚಾರ್ಜ್ ಕಾಗದ ತಂದು, ‘ಇದರಾಗ ಕೆ 92.0 ಅಂತ ಐತಿ, ಏನ್ರಿ ಹಂಗಂದ್ರ?’ ಎಂದು ಕೇಳಿದರು. ಎರಡು ವರ್ಷದ ಹಿಂದೆ ರಕ್ತವಾಂತಿಯಾದಾಗ ಕೊಟ್ಟ ಕಾಗದ ಅದು. ಈ ಸಲ ಮತ್ತೆ ರಕ್ತ ಕಾರಿದಾಗ ಬೇರೆ ಆಸ್ಪತ್ರೆಗೆ ಒಯ್ದರು. ಹಳೆಯ ಕಾಗದ ನೋಡಿದವರು ಹೊಟ್ಟೆಹುಣ್ಣೆಂದೇ ಬಗೆದರು. ಎಂಡೋಸ್ಕೋಪಿ ಮಾಡಿದ ಮೇಲೆ ತಿಳಿಯಿತು, ಮೂಲ ಇದ್ದದ್ದು ಲಿವರಿನಲ್ಲಿ.

ಹೊಟ್ಟೆ, ಕರುಳು, ಗುಲ್ಮಗಳ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಲಿವರಿಗೆ ಹೋಗುತ್ತದೆ. ಲಿವರ್ ಗಟ್ಟಿಯಾದರೆ (ಸಿರೋಸಿಸ್) ದಾರಿ ಕಟ್ಟಿ ಒತ್ತಡ ಏರುತ್ತದೆ. ಮುಂದೆ ಕಾಲುವೆ ಹೂಳು ತುಂಬಿದರೆ ನೀರು ಪಕ್ಕದ ಒಡ್ಡು ಒಡೆದು ಹರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ರಕ್ತವು ಅನ್ನನಾಳದ, ಹೊಟ್ಟೆಯ ಸಣ್ಣ ನಾಳಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಒಡೆದರೆ ಜೀವಕ್ಕೇ ಅಪಾಯ. ಇದು ಕುಡಿಯುವವರಿಗೆ ಮಾತ್ರ ಬರುವ ರೋಗವಲ್ಲ. ಕಾಮಾಲೆ ತರುವ ಬಿ, ಸಿ ವೈರಸ್‌ಗಳಿಂದಲೂ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಕೆ 92.0 ಎಂದರೆ ಬರೀ ರಕ್ತವಾಂತಿ, ಕೆ 92.1 ಎಂದರೆ ಕಪ್ಪು ಮಲ. ಎರಡೂ ಲಕ್ಷಣಗಳು, ಕಾರಣವಲ್ಲ. ಪೋರ್ಟಲ್ ಒತ್ತಡಕ್ಕೆ ಕೆ 76.6, ಸಿರೋಸಿಸ್‌ಗೆ ಕೆ 74.6, ಮದ್ಯದಿಂದಾದ ಸಿರೋಸಿಸ್‌ಗೆ ಕೆ 70.3. ಅನ್ನನಾಳದ ಉಬ್ಬುನಾಳ ಒಡೆದಿದ್ದರೆ ಐ 85.0, ಒಡೆಯದಿದ್ದರೆ ಐ 85.9. ಸಿರೋಸಿಸ್‌ನಿಂದಲೇ ಉಬ್ಬಿ ಒಡೆದಿದ್ದರೆ ಸಿರೋಸಿಸ್‌ನ ಸಂಕೇತದ ಜೊತೆ ಐ 98.3 ಜೋಡಿಸಬೇಕು. ಹೊಟ್ಟೆಯ ಉಬ್ಬುನಾಳಕ್ಕೆ ಐ 86.4. ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರ ಸಂಕೇತಗಳ ರೂಪವೇ ಬೇರೆ.

ಕಬ್ಬೂರ ಕಡೆಯವರು ಒಮ್ಮೆ ಬೆಳಗಾವಿ, ಒಮ್ಮೆ ಮಿರಜ ಎಂದು ಹೋಗುವವರು. ಕಾಗದ ಯಾವ ಊರಿನದಾದರೂ ಸಂಕೇತದ ಅರ್ಥ ಒಂದೇ. ಆದ್ದರಿಂದ ಬಿಡುಗಡೆಯ ದಿನವೇ ‘ರಕ್ತ ಎಲ್ಲಿಂದ ಬಂತು, ಕಾರಣ ಬರೆದಿದ್ದೀರಾ?’ ಎಂದು ಕೇಳಿರಿ. ಸಂಕೋಚ ಬೇಡ. ಎಂಡೋಸ್ಕೋಪಿ ವರದಿಯನ್ನು ಕಾಗದದ ಜೊತೆಯಲ್ಲೇ ಇಡಿರಿ. ಉಬ್ಬುನಾಳಗಳಿಗೆ ರಬ್ಬರ್ ಬಳೆ ಹಾಕಿದ್ದರೆ ಕೆಲ ವಾರಗಳಿಗೊಮ್ಮೆ ಮತ್ತೆ ತೋರಿಸಬೇಕಾಗುತ್ತದೆ. ಮೈಕೈ ನೋವಿನ ಮಾತ್ರೆ ಕೇಳದೆ ನುಂಗಬಾರದು. ಇದೆಲ್ಲ ಹೊಸ ವೈದ್ಯರಿಗೆ ತಿಳಿಯುವುದು ಕಾಗದದಿಂದಲೇ.

2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿಯ ಚಿಕಿತ್ಸಾ ಪಟ್ಟಿಗೆ ಪ್ರತ್ಯೇಕ ಸಂಕೇತಗಳಿವೆ. ಅವನ್ನು ರೋಗದ ಸಂಕೇತವೆಂದು ತಿಳಿಯಬೇಡಿರಿ. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು.

ಡಾಂಬರಿನಂತೆ ಕಪ್ಪಾದ ಮಲ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿರಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ಆದರೆ ಅದನ್ನು ವೈದ್ಯರು ಹೇಳಲಿ.