ಮೇಲಿನ ಮನೆಯ ನೀರು, ಕೆಳಗಿನ ಮನೆಯ ಖರ್ಚು

ನೀರು ತಗ್ಗಿನ ಕಡೆಗೆ ಹರಿಯುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಬಹುಮಹಡಿ ಕಟ್ಟಡದ ಮೂರನೆಯ ಅಂತಸ್ತಿನ ಬಚ್ಚಲಿನಿಂದ ಜಿನುಗಿದ ನೀರು ಎರಡನೆಯ ಅಂತಸ್ತಿನ ಸೂರನ್ನು ಹಾಳು ಮಾಡಿದರೆ, ಖರ್ಚು ಯಾವ ಕಡೆಗೆ ಹರಿಯಬೇಕು? ನೀರಿನ ದಾರಿಯನ್ನು ಭೌತಶಾಸ್ತ್ರ ತೋರಿಸುತ್ತದೆ. ಖರ್ಚಿನ ದಾರಿಯನ್ನು ಕಾನೂನಿನಲ್ಲೂ ವಿಮೆಯ ಕರಾರಿನಲ್ಲೂ ಹುಡುಕಬೇಕು.

ಮೊದಲು ಒಂದು ಲೆಕ್ಕ. ನಲ್ಲಿಯಿಂದ ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ ಎನ್ನಿ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ದಿನಕ್ಕೆ 86,400 ಸೆಕೆಂಡು. ಅಂದರೆ ನಾಲ್ಕು ಲೀಟರಿಗೂ ಹೆಚ್ಚು ನೀರು, ತಿಂಗಳಿಗೆ ಸುಮಾರು 130 ಲೀಟರು. ಹನಿಗೂಡಿದರೆ ಹಳ್ಳ ಎಂಬ ಮಾತು ಸುಳ್ಳಲ್ಲ.

ಕಾಂಕ್ರೀಟು ಗಟ್ಟಿಯಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೇಶಾಕರ್ಷಣೆಯಿಂದ ನೀರು ಈ ರಂಧ್ರಗಳಲ್ಲಿ ಅಡ್ಡಡ್ಡಲಾಗಿಯೂ ಸಾಗುತ್ತದೆ. ಆದ್ದರಿಂದ ಕಲೆ ಕಂಡ ಜಾಗದ ನೇರ ಮೇಲೆಯೇ ಸೋರಿಕೆ ಇರಬೇಕೆಂದೇನಿಲ್ಲ. ಮಾತಿಗೆ ಮಾತು ಬೆಳೆಸುವ ಮುನ್ನ ಪರೀಕ್ಷೆ ಮಾಡಬೇಕು. ಮೇಲಿನ ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ನಲ್ಲಿಗಳನ್ನೆಲ್ಲ ನಿಲ್ಲಿಸಿ ಅದನ್ನು ಗಮನಿಸಿ. ಆಗಲೂ ಅದು ತಿರುಗುತ್ತಿದ್ದರೆ ದೋಷ ನೀರು ಬರುವ ಪೈಪಿನಲ್ಲಿದೆ. ಸ್ನಾನ ಮಾಡಿದಾಗ ಮಾತ್ರ ಕಲೆ ಹೆಚ್ಚಿದರೆ ಬಚ್ಚಲಿನ ನೆಲವನ್ನೋ ನೀರು ಹೋಗುವ ಪೈಪನ್ನೋ ಸಂಶಯಿಸಬೇಕು. ಮಳೆಯಲ್ಲಿ ಮಾತ್ರ ಹೆಚ್ಚಿದರೆ ತಾರಸಿ ಅಥವಾ ಹೊರಗೋಡೆಯನ್ನು ನೋಡಬೇಕು.

ಇನ್ನು ಹೊಣೆಯ ವಿಚಾರ. ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಜಲಾಶಯದ ನೀರು ನೆರೆಯವನ ಕಲ್ಲಿದ್ದಲು ಗಣಿಗೆ ನುಗ್ಗಿತು. ತನ್ನ ನಿರ್ಲಕ್ಷ್ಯ ಇಲ್ಲದಿದ್ದರೂ ಮಾಲೀಕನೇ ಹೊಣೆ ಎಂದು 1868ರಲ್ಲಿ 'ರೈಲ್ಯಾಂಡ್ಸ್ ಮತ್ತು ಫ್ಲೆಚರ್' ಮೊಕದ್ದಮೆಯಲ್ಲಿ ತೀರ್ಪಾಯಿತು. ಇದೇ ವಾದ ನಮ್ಮ ನೆರೆಯ ಕಾರ್ವೇಟಿನಗರಕ್ಕೂ ಬಂತು. ಅಲ್ಲಿನ ಜಮೀನ್ದಾರರ ಕೆರೆಗಳು ಭಾರಿ ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪೆನಿಗೆ ನಷ್ಟವಾಗಿತ್ತು. ಈ ದೇಶದಲ್ಲಿ ಕೆರೆ ಕಾಯುವುದು ಜನಜೀವನಕ್ಕೆ ಅಗತ್ಯವಾದ ಕರ್ತವ್ಯ, ನಿರ್ಲಕ್ಷ್ಯವಿಲ್ಲದಿದ್ದರೆ ಜಮೀನ್ದಾರರು ಹೊಣೆಯಲ್ಲ ಎಂದು 1874ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. 1913ರಲ್ಲಿ ಅದೇ ಕೌನ್ಸಿಲಿನ ಮುಂದೆ ಮೆಲ್ಬರ್ನ್‌ನ ಮಹಡಿ ಕಟ್ಟಡವೊಂದರ ದಾವೆ ಬಂತು. ಯಾರೋ ಕಿಡಿಗೇಡಿ ನಾಲ್ಕನೆಯ ಅಂತಸ್ತಿನ ಬೇಸಿನ್ನಿಗೆ ತಡೆ ತುರುಕಿ ನಲ್ಲಿ ತಿರುಗಿಸಿದ್ದ. ಎರಡನೆಯ ಅಂತಸ್ತಿನ ಸರಕು ನೆನೆದಿತ್ತು. ಕಟ್ಟಡದಲ್ಲಿ ನೀರಿನ ಪೈಪು ಇರುವುದು ಸಹಜ ಬಳಕೆಯೇ ಎಂದ ಕೌನ್ಸಿಲ್, ಕಟ್ಟಡ ಹಿಡಿದವನನ್ನು ಹೊಣೆ ಮಾಡಲಿಲ್ಲ.

ಇದರ ಸಾರಾಂಶ ಇಷ್ಟು: ನೀರು ಸೋರಿತು ಎಂಬುದೊಂದೇ ಸಾಲದು, ತೆಗೆದುಕೊಳ್ಳಬೇಕಾದ ಎಚ್ಚರ ತಪ್ಪಿತೇ ಎಂಬುದು ಮುಖ್ಯ. ಇದ್ದಕ್ಕಿದ್ದಂತೆ ಪೈಪು ಒಡೆಯುವುದು ಬೇರೆ. ಕೆಳಗಿನವರು ಎರಡು ಬಾರಿ ತಿಳಿಸಿದರೂ ಸುಮ್ಮನಿರುವುದು ಬೇರೆ. ಅದಕ್ಕೇ ದೂರನ್ನು ತಾರೀಖು ಹಾಕಿ ಬರೆದು ಕೊಡಬೇಕು, ಫೋಟೋ ತೆಗೆದಿಡಬೇಕು. ಎಲ್ಲ ಮನೆಗಳಿಗೂ ಸೇರಿದ ಪೈಪಾದರೆ ದುರಸ್ತಿ ಸಂಘದ ಖರ್ಚು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಡಿ ಬರುವ ಕಟ್ಟಡಗಳಲ್ಲಿ ಇಂಥ ಸಾಮಾನ್ಯ ಸೌಕರ್ಯಗಳ ಖರ್ಚು ಎಲ್ಲ ಮಾಲೀಕರದು.

"ವಿಮೆ ಇದೆಯಲ್ಲ" ಎನ್ನುವವರು ಒಂದು ಪದವನ್ನು ಕಲಿಯಬೇಕು: ಎಕ್ಸೆಸ್. ಪ್ರತಿ ನಷ್ಟದಲ್ಲೂ ವಿಮೆ ಮಾಡಿಸಿದವರೇ ಭರಿಸಬೇಕಾದ ಮೊದಲ ಮೊತ್ತವಿದು. ಎಕ್ಸೆಸ್ 25,000 ರೂಪಾಯಿ, ನಷ್ಟ 60,000 ಎನ್ನಿ. ಕಂಪೆನಿ ಕೊಡುವುದು 35,000. ನಷ್ಟ 20,000 ಆದರೆ ಸೊನ್ನೆ. ವಿದ್ಯಾರ್ಥಿಗಳು ಇದರ ನಕ್ಷೆ ಬರೆದು ನೋಡಲಿ: ರೇಖೆ 25,000ದವರೆಗೆ ನೆಲದ ಮೇಲೆಯೇ ಮಲಗಿ, ಆಮೇಲೆ ಏರತೊಡಗುತ್ತದೆ.

ಬ್ರಿಟನ್ನಿನ ಫ್ಲ್ಯಾಟುಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಪಾಲಿಸಿ ಇರುವುದು ವಾಡಿಕೆ. ನೀರು ಸೋರಿಕೆಯ ಎಕ್ಸೆಸ್ ಅಲ್ಲಿ ಇತರ ಅಪಾಯಗಳಿಗಿಂತ ಹೆಚ್ಚಿರುವುದು ಸಾಮಾನ್ಯ. ಅದನ್ನು ಮೇಲಿನವರು ಕೊಡಬೇಕೋ, ಕೆಳಗಿನವರೋ, ಎಲ್ಲರೂ ಹಂಚಿಕೊಳ್ಳಬೇಕೋ ಎಂಬುದಕ್ಕೆ ಗುತ್ತಿಗೆ ಪತ್ರವೇ ಆಧಾರ. ಮಕ್ಕಳು ಅಲ್ಲಿ ಮನೆ ಕೊಳ್ಳುವುದಾದರೆ ಆ ಪತ್ರವನ್ನು ಓದಿಯೇ ಸಹಿ ಹಾಕಲಿ.

ನಮ್ಮಲ್ಲಿ 2021ರ ಏಪ್ರಿಲ್ 1ರಿಂದ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆಗುವ ಹಾನಿ ಸೇರಿದೆ. ವರ್ಷಗಟ್ಟಲೆ ಜಿನುಗಿ ಸವೆದದ್ದಕ್ಕೆ ವಿಮೆಯನ್ನು ನೆಚ್ಚಬಾರದು. ಅದು ದುರಸ್ತಿಯ ಕೆಲಸ. ಸಂಘವೇ ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ, ಎಕ್ಸೆಸ್ ಯಾರದೆಂಬುದನ್ನು ಸೂರು ತೊಟ್ಟಿಕ್ಕುವ ಮುನ್ನವೇ ಸಭೆಯಲ್ಲಿ ತೀರ್ಮಾನಿಸಿ ಬರೆದಿಡುವುದು ಮೇಲು. ನೆನೆದ ಗೋಡೆಯ ಮುಂದೆ ನಿಂತು ನ್ಯಾಯ ಮಾತನಾಡುವುದು ಯಾರಿಗೂ ಸುಲಭವಲ್ಲ.

ಮಕ್ಕಳಿಗೆ ಇಂದೇ ಒಂದು ಕೆಲಸ ಕೊಡಿ: ಮನೆಯ ಮುಖ್ಯ ವಾಲ್ವ್ ಎಲ್ಲಿದೆ, ಯಾವ ಕಡೆಗೆ ತಿರುಗಿಸಿದರೆ ನೀರು ನಿಲ್ಲುತ್ತದೆ ಎಂದು ಕಂಡುಹಿಡಿಯಲಿ. ರಜೆಗೆ ಊರಿಗೆ ಹೊರಡುವ ದಿನ ಅದನ್ನು ಮುಚ್ಚುವ ಹೊಣೆ ಅವರದೇ ಆಗಲಿ.