ಸಗಣಿ ಬದಲು ಹುಲ್ಲು

ಪ್ರಶ್ನೆ: ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ಯುವ ಬೆಳೆಯಿಂದ ಬಯೋಗ್ಯಾಸ್ ತಯಾರಿಸುತ್ತಾರಂತೆ, ನಿಜವೇ?

ನಿಜ. ಸಗಣಿಯೆಂದರೆ ದನ ಜೀರ್ಣಿಸಿಕೊಂಡು ಬಿಟ್ಟ ಉಳಿಕೆ. ಹಸಿರು ಬೆಳೆಯಲ್ಲಿ ಸತ್ವ ಹಾಗೇ ಇರುವುದರಿಂದ ಟನ್ನಿಗೆ ಹಲವು ಪಟ್ಟು ಹೆಚ್ಚು ಅನಿಲ ಸಿಗುತ್ತದೆ.

ಜರ್ಮನಿಯಲ್ಲಿ ಬಯೋಗ್ಯಾಸಿಗೆ ಮೊದಮೊದಲು ಒದಗಿದ್ದು ವರ್ಷವರ್ಷ ಬಿತ್ತುವ ಮೆಕ್ಕೆಜೋಳ. 2004ರಲ್ಲಿ ಸರ್ಕಾರ ಬೆಳೆಯಿಂದ ತಯಾರಾದ ವಿದ್ಯುತ್ತಿಗೆ ಹೆಚ್ಚುವರಿ ದರ ಘೋಷಿಸಿದ್ದೇ ತಡ, ಕಣ್ಣು ಹಾಯಿಸಿದಲ್ಲೆಲ್ಲ ಅದರದೇ ಹೊಲ. ಜನ ಗೊಣಗಿದರು. 2012ರಲ್ಲಿ ಹೊಸ ಸ್ಥಾವರಗಳಲ್ಲಿ ಮೆಕ್ಕೆಜೋಳ ಮತ್ತು ಧಾನ್ಯದ ಪಾಲು ಶೇ. 60 ಮೀರಬಾರದೆಂಬ ಮಿತಿ ಬಂತು.

ಪರ್ಯಾಯವಾಗಿ ಗಮನ ಸೆಳೆದ ಬೆಳೆಗಳಲ್ಲಿ ಸಿಲ್ಫಿಯಂ ಒಂದು. ಉತ್ತರ ಅಮೆರಿಕ ಮೂಲದ, ಆಳೆತ್ತರ ಮೀರುವ ಹಳದಿ ಹೂವಿನ ಗಿಡ. ಎದುರುಬದುರಿನ ಎಲೆಗಳು ಕಾಂಡದ ಸುತ್ತ ಕೂಡಿಕೊಂಡು ಬಟ್ಟಲಾಗುತ್ತವೆ, ಮಳೆನೀರು ಅದರಲ್ಲೇ ನಿಲ್ಲುತ್ತದೆ! ಮೊದಲ ವರ್ಷ ನೆಲಕ್ಕಂಟಿದ ಎಲೆ ಬಿಟ್ಟರೆ ಏನೂ ಇಲ್ಲ. ಆ ನಷ್ಟ ತುಂಬಲು ಜೊತೆಗೇ ಮೆಕ್ಕೆಜೋಳ ಬಿತ್ತುವವರಿದ್ದಾರೆ. ಆಮೇಲೆ ಹದಿನೈದು ವರ್ಷದವರೆಗೂ ಉಳುಮೆಯಿಲ್ಲ, ಮಣ್ಣು ಕೊಚ್ಚಿಹೋಗುವುದು ಕಡಿಮೆ, ಜೇನಿಗೂ ಸುಗ್ಗಿ. ಎಕರೆಗೆ ಸಿಗುವ ಮೀಥೇನ್ ಮಾತ್ರ ಸಾಮಾನ್ಯವಾಗಿ ಮೆಕ್ಕೆಜೋಳಕ್ಕಿಂತ ಕಡಿಮೆ.

ಯಾವ ಬೆಳೆಯಾದರೂ ತೀರಾ ಬಲಿಯುವ ಮೊದಲೇ ಕೊಯ್ಯಬೇಕು. ಬಲಿತರೆ ಕಾಂಡವನ್ನು ಗಡಸಾಗಿಸುವ ಲಿಗ್ನಿನ್ ಹೆಚ್ಚುತ್ತದೆ. ಗಾಳಿಯಿಲ್ಲದ ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾಗಳಿಗೆ ಅದು ದಕ್ಕುವುದಿಲ್ಲ.

ನಮ್ಮ ಹೈನುಗಾರರಿಗೆ ಚಿರಪರಿಚಿತವಾದ ನೇಪಿಯರ್ ಹುಲ್ಲೂ ಇದೇ ಕೆಲಸಕ್ಕೆ ಬರುತ್ತದೆ. ಹಾಗೆಂದು ಮನೆಯ ಗೋಬರ್ ಗ್ಯಾಸ್ ಗುಂಡಿಗೆ ಹುಲ್ಲು ಕತ್ತರಿಸಿ ಸುರಿಯಬೇಡಿ. ಅದು ತೇಲಿ, ಮೇಲೆ ಕೆನೆಗಟ್ಟಿ, ಅನಿಲಕ್ಕೇ ಅಡ್ಡಿಯಾಗುತ್ತದೆ. ಹುಲ್ಲಿಗೆ ಕದಡುವ ಯಂತ್ರವಿರುವ ದೊಡ್ಡ ಸ್ಥಾವರವೇ ಬೇಕು.